ಲೈನ್ ಕಾರ್ಡ್ ಹಾಕಿದೆ. ನಂಬರ್ ತೋರಿಸಲ್ಲ, ಕಟ್ ಆದರೂ ಲೈನ್ ಬಿಡಲ್ಲ

ಪ್ರಶ್ನೆ: ನಮ್ಮದು ಶಿರಸಿ ಕಡೆ ಸಣ್ಣ ಅಡಿಕೆ ವ್ಯಾಪಾರದ ಆಫೀಸು. ಹೋದ ವರ್ಷ ಸಿಡಿಲಿಗೆ ಇಂಟರ್‌ಕಾಮ್ ಡಬ್ಬ ಸುಟ್ಟುಹೋಯಿತು. ಈಗ ಒಂದು ಹಳೆ ಕಂಪ್ಯೂಟರಿಗೆ ಅಸ್ಟರಿಸ್ಕ್ ಎಂಬ ಟೆಲಿಫೋನ್ ಎಕ್ಸ್‌ಚೇಂಜ್ ಸಾಫ್ಟ್‌ವೇರ್ ಹಾಕಿ, ನಾಲ್ಕು ಪೋರ್ಟಿನ ಸೆಕೆಂಡ್ ಹ್ಯಾಂಡ್ ಅನಲಾಗ್ ಕಾರ್ಡ್ ಕೂರಿಸಿದ್ದೇನೆ. ಎರಡು ಕೆಂಪು ಮಾಡ್ಯೂಲ್, ಎರಡು ಹಸಿರು. ಗೋಡೆಯಿಂದ ಎರಡು ತಾಮ್ರದ ಲೈನ್ ಬರುತ್ತವೆ. ಕರೆ ಬರುತ್ತದೆ, ಹೋಗುತ್ತದೆ. ಆದರೆ ಮಾಡಿದವರ ನಂಬರ್ ಬರುವುದಿಲ್ಲ. ಅವರು ಫೋನ್ ಇಟ್ಟ ಮೇಲೂ ಲೈನ್ ಖಾಲಿ ಆಗುವುದಿಲ್ಲ. ನಮ್ಮ ಮಾತು ನಮಗೇ ವಾಪಸ್ ಕೇಳುತ್ತದೆ. ಹಸಿರು ಪೋರ್ಟಿಗೆ ಹಾಕಿದ ಗೋದಾಮಿನ ಫೋನಿನಲ್ಲಿ ಜೀವವೇ ಇಲ್ಲ. ಕಾರ್ಡ್ ಕೆಟ್ಟಿದೆಯಾ? ಹೊಸದು ತರಲಾ?

ಉತ್ತರ:

ತರಬೇಡಿ. ಕರೆ ಬಂದು ಹೋಗುತ್ತಿದೆ ಎಂದರೆ ಕೆಂಪು ಮಾಡ್ಯೂಲ್ ಎರಡೂ ಚೆನ್ನಾಗಿವೆ. ಗೋದಾಮಿನ ಫೋನಿನ ಕಥೆ ಬೇರೆ, ಅದು ಬಹುಶಃ ಒಂದು ವೈರಿನ ಕೆಲಸ, ಆಮೇಲೆ ಬರುತ್ತೇನೆ. ಉಳಿದ ಮೂರು ತೊಂದರೆಗೂ ಮೂಲ ಒಂದೇ. ಈ ಜಾತಿಯ ಕಾರ್ಡುಗಳು, ಅವುಗಳ ಡ್ರೈವರು, ಅಸ್ಟರಿಸ್ಕ್, ಎಲ್ಲವೂ ಬೆಳೆದದ್ದು ಅಮೆರಿಕದ ಅಲಬಾಮಾದಲ್ಲಿ. ನೀವು ಬೇರೆ ಏನೂ ಹೇಳದಿದ್ದರೆ ಗೋಡೆಯಿಂದ ಬರುವ ತಂತಿಯೂ ಅಲ್ಲಿಯದೇ ಎಂದು ಅದು ತಿಳಿದುಕೊಂಡಿರುತ್ತದೆ. ನಂಬರ್ ಯಾವಾಗ ಬರುತ್ತದೆ, ಕರೆ ಮುಗಿದದ್ದು ಹೇಗೆ ಗೊತ್ತಾಗುತ್ತದೆ, ತಂತಿಯ ಗುಣ ಎಂಥದು, ಈ ಮೂರರಲ್ಲೂ ನಮ್ಮ ಲೈನ್ ಬೇರೆ. ಅದನ್ನು ನಾವು ಕೂತು ಹೇಳಿಕೊಡಬೇಕು, ಅಷ್ಟೇ ಕೆಲಸ.

ಒಂದು ಸೂಚನೆ. ಫೈಲುಗಳ, ಸೆಟ್ಟಿಂಗುಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ನಡುವೆ ಸ್ಪೇಸ್ ಇಲ್ಲ. ನಿಮ್ಮ ಸಿಸ್ಟಮ್ಮಿನಲ್ಲೇ ಇರುವ ಮಾದರಿ ಫೈಲ್ ಪಕ್ಕದಲ್ಲಿ ತೆರೆದಿಟ್ಟುಕೊಂಡರೆ ಹೆಸರು ತಪ್ಪುವುದಿಲ್ಲ.

ನೆಟ್ಟಿನಲ್ಲಿ ಹುಡುಕಿದಾಗ ಕೆಲವು ಕಡೆ ಝಾಪ್‌ಟೆಲ್, ಕೆಲವು ಕಡೆ ಡಾಡಿ ಅಂತ ನೋಡಿ ತಲೆ ಕೆಟ್ಟಿರಬಹುದು. ಎರಡೂ ಕಾರ್ಡಿನ ಡ್ರೈವರಿನ ಹೆಸರೇ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಅಸ್ಟರಿಸ್ಕ್ ಶುರುಮಾಡಿದ. ಜಿಮ್ ಡಿಕ್ಸನ್ ಎಂಬಾತ ಕಂಪ್ಯೂಟರಿಗೆ ಟೆಲಿಫೋನ್ ಕಾರ್ಡ್ ಜೋಡಿಸುವ ಝಪಾಟಾ ಅನ್ನುವ ಯೋಜನೆ ನಡೆಸುತ್ತಿದ್ದ, ಡ್ರೈವರಿಗೆ ಝಾಪ್‌ಟೆಲ್ ಅಂತ ಹೆಸರು ಬಂದದ್ದು ಅಲ್ಲಿಂದ. ಆ ಹೆಸರಿನ ಟ್ರೇಡ್‌ಮಾರ್ಕ್ ಬೇರೆ ಯಾರದೋ ಆಗಿತ್ತು, ಹಾಗಾಗಿ 2008ರಲ್ಲಿ ಡಾಡಿ ಎಂದು ಬದಲಾಯಿಸಿದರು. ಹಳೆಯ ಲೇಖನದಲ್ಲಿ ಝಾಪ್‌ಟೆಲ್ ಡಾಟ್ ಕಾನ್ಫ್ ಅಂತ ಇದ್ದರೆ ನಿಮ್ಮಲ್ಲಿ ಅದು ಡಾಡಿ ಫೋಲ್ಡರಿನ ಸಿಸ್ಟಮ್ ಡಾಟ್ ಕಾನ್ಫ್. ಝಪಾಟಾ ಡಾಟ್ ಕಾನ್ಫ್ ಅಂತ ಇದ್ದರೆ ಅಸ್ಟರಿಸ್ಕ್ ಫೋಲ್ಡರಿನ ಚಾನ್_ಡಾಡಿ ಡಾಟ್ ಕಾನ್ಫ್. ಈ ಎರಡು ಫೈಲು ಗೊತ್ತಿದ್ದರೆ ಮುಕ್ಕಾಲು ದಾರಿ ಬಂದ ಹಾಗೆ. ಮೊದಲನೆಯದು ಡ್ರೈವರಿಗೆ, ಎರಡನೆಯದು ಅಸ್ಟರಿಸ್ಕ್‌ಗೆ.

ಕೆಂಪು, ಹಸಿರು ಗೊಂದಲವನ್ನೂ ಇಲ್ಲೇ ಮುಗಿಸೋಣ. ಕೆಂಪು ಮಾಡ್ಯೂಲ್ ಎಫ್‌ಎಕ್ಸ್‌ಒ, ಅದಕ್ಕೆ ಟೆಲಿಫೋನ್ ಲೈನ್ ಹಾಕುವುದು. ಹಸಿರು ಎಫ್‌ಎಕ್ಸ್‌ಎಸ್, ಅದಕ್ಕೆ ಫೋನ್ ಹಾಕುವುದು. ಸರಿ ಅಲ್ವಾ? ಈಗ ಫೈಲ್ ತೆರೆದು ನೋಡಿ, ಕೆಂಪು ಪೋರ್ಟಿನ ಮುಂದೆ ಎಫ್‌ಎಕ್ಸ್‌ಎಸ್ ಅಂತ, ಹಸಿರಿನ ಮುಂದೆ ಎಫ್‌ಎಕ್ಸ್‌ಒ ಅಂತ ಉಲ್ಟಾ ಬರೆದಿರುತ್ತದೆ. ಅದು ತಪ್ಪಲ್ಲ. ಪೋರ್ಟಿನ ಹೆಸರು ತಾನು ಯಾರು ಅನ್ನುವುದು, ಸಿಗ್ನಲಿಂಗ್ ಹೆಸರು ಎದುರಿಗೆ ಯಾರಿದ್ದಾರೆ ಅನ್ನುವುದು. ಕೆಂಪು ಪೋರ್ಟು ಎಕ್ಸ್‌ಚೇಂಜಿನ ಎದುರು ಫೋನಿನ ವೇಷ ಹಾಕಿ ನಿಂತಿದೆ, ಎಕ್ಸ್‌ಚೇಂಜಿನ ಕಡೆಯ ಭಾಷೆಯಲ್ಲೇ ಅದು ವ್ಯವಹರಿಸಬೇಕು. ಇದನ್ನು ಸರಿಪಡಿಸುತ್ತೇನೆ ಅಂತ ತಿರುಗಿಸಿ ಬರೆದವರನ್ನು ತುಂಬಾ ನೋಡಿದ್ದೇನೆ. ಈ ಫೈಲನ್ನು ಓದಿ ಕಾರ್ಡಿಗೆ ತುಂಬುವ ಡಾಡಿ_ಸಿಎಫ್‌ಜಿ ಕಮಾಂಡ್ ಓಡಿಸಿದಾಗ ಎರರ್ ಬರುತ್ತದೆ, ಕಾರ್ಡನ್ನು ಬೈಯುತ್ತಾರೆ.

ಫೈಲಿನ ಸಿಗ್ನಲಿಂಗ್ ಹೆಸರುಗಳು ಕೆಎಸ್ ಎಂದು ಮುಗಿಯುತ್ತವೆ, ಅದು ಕ್ಯೂಲ್‌ಸ್ಟಾರ್ಟ್, ಲೈನ್ ಹಿಡಿಯುವ ಬಿಡುವ ಒಂದು ಪದ್ಧತಿ. ಅದನ್ನು ಹಾಗೇ ಬಿಡಿ. ಅದೇ ಫೈಲಿನ ಕೊನೆಯಲ್ಲಿ ಲೋಡ್‌ಜೋನ್, ಡಿಫಾಲ್ಟ್‌ಜೋನ್ ಎರಡೂ ಯುಎಸ್ ಎಂದಿರುತ್ತವೆ. ಎರಡನ್ನೂ ಐಎನ್ ಮಾಡಿ. ಆಗ ಹಸಿರು ಪೋರ್ಟಿನ ಫೋನ್ ಎತ್ತಿದರೆ ನಮ್ಮ ಕಿವಿಗೆ ಪರಿಚಯದ ಡಯಲ್ ಟೋನ್ ಬರುತ್ತದೆ, 400 ಹರ್ಟ್ಸ್ ಸದ್ದು 25 ಹರ್ಟ್ಸ್‌ನಲ್ಲಿ ಗುರ್ ಎನ್ನುವುದು. ಅಸ್ಟರಿಸ್ಕ್‌ನ ಇಂಡಿಕೇಶನ್ಸ್ ಡಾಟ್ ಕಾನ್ಫ್‌ನಲ್ಲೂ ಕಂಟ್ರಿ ಐಎನ್ ಮಾಡಿ.

ಇನ್ನು ಕೀಬೋರ್ಡ್ ಪಕ್ಕಕ್ಕಿಡಿ. ಎರಡು ಸಾಮಾನು ಬೇಕು: ಒಂದು ಮಲ್ಟಿಮೀಟರ್, ಒಂದು ನಂಬರ್ ತೋರಿಸುವ ಡಿಸ್ಪ್ಲೇ ಇರುವ ಮಾಮೂಲಿ ಫೋನ್. ರೋಸೆಟ್ ಬಾಕ್ಸಿನಿಂದ ಕಾರ್ಡಿಗೆ ಹೋಗುವ ಲೈನ್ ಕಿತ್ತು ಈ ಫೋನಿಗೆ ಹಾಕಿ. ಮೊಬೈಲಿನಿಂದ ಕರೆ ಮಾಡಿ. ನಂಬರ್ ಬಂತಾ? ಬರದಿದ್ದರೆ ಅಸ್ಟರಿಸ್ಕ್‌ನಲ್ಲಿ ಎಷ್ಟು ತಿಣುಕಿದರೂ ಪ್ರಯೋಜನ ಇಲ್ಲ. ಆ ಸೌಲಭ್ಯವೇ ಲೈನಿನಲ್ಲಿ ಹಾಕಿಲ್ಲ, ಎಕ್ಸ್‌ಚೇಂಜಿನಲ್ಲಿ ಕೇಳಿ ಹಾಕಿಸಬೇಕು.

ಬಂತು ಅಂತಿಟ್ಟುಕೊಳ್ಳಿ. ಯಾವ ಹೊತ್ತಿಗೆ ಬಂತು ಅನ್ನುವುದನ್ನು ನೋಡಿ. ಇದೇ ಮುಖ್ಯ. ಅಮೆರಿಕದಲ್ಲಿ ಮೊದಲ ರಿಂಗ್ ಆದ ಮೇಲೆ, ಎರಡನೇ ರಿಂಗ್ ಬರುವ ಮೊದಲು, ಆ ನಡುವಿನ ಮೌನದಲ್ಲಿ ಮೋಡೆಮ್ ತರಹದ ಸದ್ದಾಗಿ ನಂಬರ್ ಬರುತ್ತದೆ. ಅದು ಎಫ್‌ಎಸ್‌ಕೆ. ನಮ್ಮಲ್ಲಿ ಬಹಳ ಎಕ್ಸ್‌ಚೇಂಜುಗಳು ಮೊದಲ ರಿಂಗಿಗೂ ಮೊದಲೇ, ನಾವು ಬಟನ್ ಒತ್ತಿದಾಗ ಬರುವಂಥ ಡಿಟಿಎಂಎಫ್ ಸದ್ದಿನಲ್ಲಿ ಅಂಕಿಗಳನ್ನು ಕಳಿಸುತ್ತವೆ. ಅಂದರೆ ಅಸ್ಟರಿಸ್ಕ್ ರಿಂಗ್ ಬಂದ ಮೇಲೆ ಕಿವಿ ತೆರೆಯುವ ಹೊತ್ತಿಗೆ ನಂಬರ್ ಆಗಲೇ ಬಂದು ಹೋಗಿರುತ್ತದೆ. ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬಂದ ಹಾಗೆ. ಪರೀಕ್ಷೆ ಸುಲಭ: ರಿಂಗ್ ಆಗುವ ಮೊದಲೇ ಡಿಸ್ಪ್ಲೇಯಲ್ಲಿ ನಂಬರ್ ಮೂಡಿದರೆ ಡಿಟಿಎಂಎಫ್. ಒಂದು ರಿಂಗ್ ಮುಗಿದ ಮೇಲೆ ಮೂಡಿದರೆ ಎಫ್‌ಎಸ್‌ಕೆ.

ನಿಮ್ಮದು ಮೊದಲನೇ ಜಾತಿ ಎಂದು ನನ್ನ ಊಹೆ. ಹಾಗಿದ್ದರೆ ಚಾನ್_ಡಾಡಿಯಲ್ಲಿ ಯೂಸ್‌ಕಾಲರ್‌ಐಡಿ ಯೆಸ್, ಸಿಐಡಿಸಿಗ್ನಲಿಂಗ್ ಡಿಟಿಎಂಎಫ್. ಆಮೇಲೆ ಸಿಐಡಿಸ್ಟಾರ್ಟ್. ಇದಕ್ಕೆ ಪೋಲಾರಿಟಿ_ಐಎನ್ ಅನ್ನುವ ಬೆಲೆ ಇದೆ, ಆ ಐಎನ್ ಅಂದರೆ ಇಂಡಿಯಾ, ಮಾದರಿ ಫೈಲಿನಲ್ಲೇ ಹಾಗೆಂದು ಬರೆದಿದ್ದಾರೆ. ಅಷ್ಟು ದೂರ ಕೂತವರು ನಮ್ಮ ಲೈನಿಗೆಂದೇ ಒಂದು ಸಾಲು ಇಟ್ಟಿದ್ದಾರೆ, ಬಳಸುವವರು ಮಾತ್ರ ಕಡಿಮೆ. ಇದು ಕೆಲಸ ಮಾಡಬೇಕಾದರೆ ನಂಬರ್ ಕಳಿಸುವ ಮುನ್ನ ಎಕ್ಸ್‌ಚೇಂಜು ಲೈನಿನ ಪ್ಲಸ್ ಮೈನಸ್ ಅದಲುಬದಲು ಮಾಡಬೇಕು. ಮಾಡುತ್ತದಾ ಎಂದು ನೋಡುವುದಕ್ಕೇ ಮಲ್ಟಿಮೀಟರ್. ಡಿಸಿ ವೋಲ್ಟ್‌ಗೆ ತಿರುಗಿಸಿ ಲೈನಿನ ಎರಡು ಎಳೆಗೆ ಇಡಿ. ಫೋನ್ ಕೆಳಗಿದ್ದಾಗ ಸುಮಾರು 48 ವೋಲ್ಟ್ ತೋರಿಸಬೇಕು. ಈಗ ಮೊಬೈಲಿನಿಂದ ಕರೆ ಮಾಡಿ, ಕಣ್ಣು ಮೀಟರಿನ ಮೇಲೇ ಇರಲಿ. ರಿಂಗ್ ಆಗುವ ಮೊದಲು 48 ಇದ್ದದ್ದು ಮೈನಸ್ 48 ಆಯಿತಾ? ಆದರೆ ಪೋಲಾರಿಟಿ_ಐಎನ್. ಆಗಲಿಲ್ಲವಾ? ಸಿಐಡಿಸ್ಟಾರ್ಟ್‌ಗೆ ಡಿಟಿಎಂಎಫ್ ಎಂದೇ ಕೊಡಿ. ಆಗ ಲೈನಿನಲ್ಲಿ ಏನಾದರೂ ಸದ್ದು ಬಂತಾ ಎಂದು ಅಸ್ಟರಿಸ್ಕ್ ಸದಾ ಕೇಳಿಸಿಕೊಳ್ಳುತ್ತಿರುತ್ತದೆ. ಲೈನಿನಲ್ಲೇ ಗೊರಗೊರ ಇದ್ದರೆ ಸುಮ್ನೆ ಎಚ್ಚರಗೊಳ್ಳಬಹುದು, ಆಗ ಡಿಟಿಎಂಎಫ್‌ಸಿಐಡಿಲೆವೆಲ್ ಅನ್ನು 256ರಿಂದ ಸ್ವಲ್ಪ ಸ್ವಲ್ಪ ಏರಿಸಿ. ಎಳೆ ಮುಟ್ಟುವಾಗ ಹುಷಾರು, ರಿಂಗ್ ಬಂದಾಗ ಅದರಲ್ಲಿ 75 ವೋಲ್ಟಿನ ಹತ್ತಿರ ಎಸಿ ಇರುತ್ತದೆ, ಪ್ರಾಣ ಹೋಗದಿದ್ದರೂ ಚುರುಕ್ ಅನ್ನುತ್ತದೆ.

ಎಫ್‌ಎಸ್‌ಕೆ ಆದರೆ ಸಿಐಡಿಸ್ಟಾರ್ಟ್ ರಿಂಗ್ ಇರಲಿ, ಸಿಐಡಿಸಿಗ್ನಲಿಂಗ್ ಬೆಲ್ ಇಟ್ಟು ನೋಡಿ, ಆಗದಿದ್ದರೆ ವಿ23. ಅಷ್ಟೇ.

ಈಗ ನಿಜವಾದ ತಲೆನೋವು, ಲೈನ್ ಬಿಡದಿರುವುದು. ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಉಳಿದದ್ದು ಕಿರಿಕಿರಿ, ಇದು ನಷ್ಟ. ಇರುವುದೇ ಎರಡು ಲೈನ್, ಅದರಲ್ಲಿ ಒಂದು ಹಿಡಿದುಕೊಂಡು ಕೂತರೆ ಹೊರಗಿನವರಿಗೆ ದಿನವಿಡೀ ಎಂಗೇಜ್.

ಅನಲಾಗ್ ಲೈನಿನಲ್ಲಿ "ಆ ಕಡೆಯವರು ಫೋನ್ ಇಟ್ಟರು" ಎಂದು ಹೇಳುವ ಪ್ರತ್ಯೇಕ ಸಂದೇಶ ಇಲ್ಲ. ಮನುಷ್ಯನಾದರೆ ಟೂಂ ಟೂಂ ಕೇಳಿ ಇಡುತ್ತಾನೆ. ಯಂತ್ರಕ್ಕೆ ಏನಾದರೂ ಕುರುಹು ಬೇಕು. ಅಮೆರಿಕದ ಎಕ್ಸ್‌ಚೇಂಜುಗಳು ಕರೆ ಮುಗಿದಾಗ ಲೈನಿನ ವೋಲ್ಟೇಜನ್ನು ಕ್ಷಣಕಾಲ ಪೂರ್ತಿ ತೆಗೆದುಬಿಡುತ್ತವೆ. ಆಗಲೇ ಬಂದ ಕ್ಯೂಲ್‌ಸ್ಟಾರ್ಟ್ ಕಾಯುವುದು ಇದಕ್ಕೇ. ನಮ್ಮ ಎಕ್ಸ್‌ಚೇಂಜು ಅದನ್ನು ಕೊಡದಿದ್ದರೆ ಕಾರ್ಡು ಕಾಯುತ್ತಲೇ ಇರುತ್ತದೆ, ಯಾವತ್ತೂ ಬಾರದ ಸೂಚನೆಗಾಗಿ.

ಮತ್ತೆ ಮಲ್ಟಿಮೀಟರ್. ಕರೆ ಸ್ವೀಕರಿಸಿ, ಮೀಟರ್ ನೋಡುತ್ತಾ ಇರಿ. ಫೋನ್ ಎತ್ತಿದಾಗ ವೋಲ್ಟೇಜು 48ರಿಂದ ಇಳಿದು 6ರಿಂದ 12ರ ಒಳಗೆ ಎಲ್ಲೋ ನಿಲ್ಲುತ್ತದೆ. ಈಗ ಮೊಬೈಲಿನಲ್ಲಿ ಕಟ್ ಮಾಡಿ. ಮೂರರಲ್ಲಿ ಒಂದು ಕಾಣಬೇಕು. ವೋಲ್ಟೇಜು ಒಂದು ಕ್ಷಣ ಸೊನ್ನೆಗೆ ಬಿದ್ದರೆ ನೀವು ಪುಣ್ಯವಂತರು, ಕ್ಯೂಲ್‌ಸ್ಟಾರ್ಟೇ ಸಾಕು. ಪ್ಲಸ್ ಮೈನಸ್ ತಿರುಗಿದರೆ ಹ್ಯಾಂಗಪ್‌ಆನ್‌ಪೋಲಾರಿಟಿಸ್ವಿಚ್ ಯೆಸ್ ಮಾಡಿ, ಮುಗಿಯಿತು. ಏನೂ ಆಗದೆ ಬರೀ ಟೂಂ ಟೂಂ ಬಂದರೆ ಆ ಸದ್ದನ್ನು ಗುರುತಿಸುವುದನ್ನು ಕಲಿಸಬೇಕು.

ಬಿಸಿಡಿಟೆಕ್ಟ್ ಯೆಸ್ ಅನ್ನುವುದು ಅದಕ್ಕೇ. ಆದರೆ ಅದೊಂದನ್ನೇ ಹಾಕಿ ಬಿಡಬೇಡಿ, ಬಿಸಿಪ್ಯಾಟರ್ನ್ ಕೂಡ ಕೊಡಿ. ನಮ್ಮ ದೇಶದ ಎಂಗೇಜ್ ಟೋನ್ 750 ಮಿಲಿಸೆಕೆಂಡ್ ಸದ್ದು, 750 ಮಿಲಿಸೆಕೆಂಡ್ ಮೌನ. ಲೈನುಗಳೆಲ್ಲ ತುಂಬಿದಾಗ ಬರುವ ಕಂಜೆಶನ್ ಟೋನ್ 250, 250. ಕರೆ ಮುಗಿದಾಗ ನಿಮ್ಮ ಎಕ್ಸ್‌ಚೇಂಜು ಯಾವುದನ್ನು ಹಾಕುತ್ತದೆ ಎಂದು ಅಳೆಯುವುದು ಹೇಗೆ? ಮೊಬೈಲಿನ ಸ್ಟಾಪ್‌ವಾಚ್ ಸಾಕು. ಒಂದು ಟೂಂ ಶುರುವಾದ ಕೂಡಲೇ ಒತ್ತಿ, ಅದನ್ನು ಸೊನ್ನೆ ಎಂದು ಎಣಿಸಿ, ಹತ್ತನೆಯದು ಶುರುವಾದಾಗ ನಿಲ್ಲಿಸಿ. 15 ಸೆಕೆಂಡ್ ಬಂದರೆ 750, 750. 5 ಸೆಕೆಂಡ್ ಬಂದರೆ 250, 250. ಬೇರೆ ಏನಾದರೂ ಬಂದರೆ ಹತ್ತರಿಂದ ಭಾಗಿಸಿ, ಅರ್ಧ ಮಾಡಿ, ಅದನ್ನೇ ಮಿಲಿಸೆಕೆಂಡಿನಲ್ಲಿ ಹಾಕಿ. ಸದ್ದು ಮೌನ ಸಮ ಇಲ್ಲ ಎಂದು ಕಿವಿಗೇ ಗೊತ್ತಾದರೆ ರೆಕಾರ್ಡ್ ಮಾಡಿ ಅಳೆಯಬೇಕು, ಡಾಡಿ_ಮಾನಿಟರ್ ಅನ್ನುವ ಉಪಕರಣ ಚಾನೆಲ್ಲಿನ ಸದ್ದನ್ನು ಫೈಲಿಗೆ ಇಳಿಸಿಕೊಡುತ್ತದೆ.

ಬಿಸಿಕೌಂಟ್ ಎಂದರೆ ಎಷ್ಟು ಟೂಂ ಆದ ಮೇಲೆ ಕಟ್ ಮಾಡಬೇಕು ಅನ್ನುವುದು. 3 ಇಟ್ಟರೆ ಬೇಗ ಬಿಡುತ್ತದೆ, ಆದರೆ ಒಂದೊಂದು ಸಲ ಮಾತಿನ ಲಯವನ್ನೇ ಎಂಗೇಜ್ ಟೋನ್ ಎಂದು ತಿಳಿದು ಮಾತಿನ ನಡುವೆ ಕಟ್ ಮಾಡಿಬಿಡುತ್ತದೆ. ರೇಟ್ ಹೇಳುವಾಗ ಒಂದೊಂದೇ ಅಂಕಿ ಬಿಡಿಸಿ ಬಿಡಿಸಿ ಹೇಳುವವರು ಇರುತ್ತಾರಲ್ಲ! ನಾನು 5 ಇಡುತ್ತೇನೆ. ಏಳೆಂಟು ಸೆಕೆಂಡ್ ತಡವಾಗಿ ಬಿಟ್ಟರೆ ಯಾರಿಗೂ ನಷ್ಟ ಇಲ್ಲ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕರಾವಳಿಯ ಒಂದು ಲಾಡ್ಜಿನಲ್ಲಿ ಇಂಥದೇ ಕಾರ್ಡ್ ಹಾಕಿದ್ದೆ. ಮರುದಿನ ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿ, "ಸಾರ್, ವಾಯ್ಸ್‌ಮೇಲಿನಲ್ಲಿ ಯಾರೋ ರಾತ್ರಿಯಿಡೀ ಟೂಂ ಟೂಂ ಅಂತ ಬಿಟ್ಟಿದ್ದಾರೆ" ಅಂದರು. ವಾಯ್ಸ್‌ಮೇಲ್ ಮೌನ ಬಂದರೆ ನಿಲ್ಲುತ್ತದೆ ಎಂದು ನಾನು ಧೈರ್ಯವಾಗಿದ್ದೆ. ಟೂಂ ಟೂಂ ಮೌನ ಅಲ್ಲವಲ್ಲ. ಬಿಸಿಡಿಟೆಕ್ಟ್ ಹಾಕಿದ್ದೆ, ಪ್ಯಾಟರ್ನ್ ಹಾಕಿದ್ದೆ, ಎಲ್ಲ ಸರಿ ಇತ್ತು. ಎರಡು ದಿನ ಎಕ್ಸ್‌ಚೇಂಜನ್ನು, ಕಾರ್ಡನ್ನು, ಲೈನ್‌ಮನ್ನನ್ನು ಅನುಮಾನಿಸಿದ ಮೇಲೆ ಕಂಡದ್ದು ಏನು ಗೊತ್ತಾ? ಆ ಸಾಲುಗಳನ್ನು ನಾನು ಚಾನೆಲ್ ಎಂಬ ಸಾಲಿನ ಕೆಳಗೆ ಬರೆದಿದ್ದೆ.

ಚಾನ್_ಡಾಡಿ ಫೈಲಿನ ಸ್ವಭಾವವೇ ಹಾಗೆ. ಅದು ಮೇಲಿನಿಂದ ಕೆಳಗೆ ಓದುತ್ತಾ ಹೋಗುತ್ತದೆ, ಚಾನೆಲ್ ಎಂಬ ಸಾಲು ಸಿಕ್ಕಿದಾಗ ಅಲ್ಲಿಯವರೆಗೆ ಓದಿದ್ದನ್ನೆಲ್ಲ ಆ ಚಾನೆಲ್ಲಿಗೆ ತೊಡಿಸುತ್ತದೆ. ಅದರ ಕೆಳಗೆ ಬರೆದದ್ದು ಆ ಚಾನೆಲ್ಲಿಗೆ ಸೇರುವುದಿಲ್ಲ, ಮುಂದಿನದಕ್ಕೆ ಹೋಗುತ್ತದೆ. ಇದರ ಇನ್ನೊಂದು ಮುಖವೂ ಇದೆ. ಕೆಂಪು ಪೋರ್ಟಿಗೆ ಎಂದು ಮೇಲೆ ಹಾಕಿದ ಬಿಸಿಡಿಟೆಕ್ಟ್, ಹ್ಯಾಂಗಪ್ ಮುಂತಾದವು ಕೆಳಗಿನ ಹಸಿರು ಪೋರ್ಟಿಗೂ ಇಳಿದು ಬರುತ್ತವೆ. ಹಾಗಾಗಿ ಹಸಿರಿನ ಚಾನೆಲ್ ಸಾಲಿಗೆ ಮುಂಚೆ ಅವನ್ನೆಲ್ಲ ನೋ ಎಂದು ಬರೆದುಬಿಡಿ. ಸಿಗ್ನಲಿಂಗ್, ಕಾಂಟೆಕ್ಸ್ಟ್ ಎರಡನ್ನೂ ಪ್ರತಿ ಗುಂಪಿಗೆ ಹೊಸದಾಗಿ ಬರೆಯಿರಿ. ಕಾಂಟೆಕ್ಸ್ಟ್ ಅಂದರೆ ಆ ಪೋರ್ಟಿನ ಕರೆಗೆ ಡಯಲ್‌ಪ್ಲಾನಿನ, ಅಂದರೆ ಕರೆಯ ನಿಯಮಗಳ ಪಟ್ಟಿಯ, ಯಾವ ಭಾಗ ಅನ್ವಯಿಸುತ್ತದೆ ಅನ್ನುವುದು. ಹೊರಗಿನ ಲೈನಿನ ಕಾಂಟೆಕ್ಸ್ಟ್ ಗೋದಾಮಿನ ಫೋನಿಗೆ ಅಂಟಿಕೊಂಡರೆ ಅದರಿಂದ ಯಾವ ಎಕ್ಸ್‌ಟೆನ್ಶನ್ನಿಗೂ ಡಯಲ್ ಆಗುವುದಿಲ್ಲ. ಉಲ್ಟಾ ಆದರೆ ಇನ್ನೂ ಕೆಟ್ಟದು, ಹೊರಗಿಂದ ಕರೆ ಮಾಡಿದವರಿಗೆ ನಿಮ್ಮ ಆಫೀಸಿನವರಿಗಿರುವ ಅಧಿಕಾರವೆಲ್ಲ ಸಿಗುತ್ತದೆ. ಬದಲಾಯಿಸಿದ ಮೇಲೆ ಬರೀ ರೀಲೋಡ್ ನಂಬಬೇಡಿ, ಅಸ್ಟರಿಸ್ಕ್ ಪೂರ್ತಿ ನಿಲ್ಲಿಸಿ ಮತ್ತೆ ಶುರುಮಾಡಿ.

ಇಷ್ಟಾದ ಮೇಲೂ ಡಯಲ್‌ಪ್ಲಾನಿನಲ್ಲಿ ಒಂದು ಬೇಲಿ ಇರಲಿ. ಟೈಮೌಟ್ ಆಬ್ಸಲ್ಯೂಟ್ 3600 ಎಂದು ಕೊಟ್ಟರೆ ಒಂದು ಗಂಟೆ ಆದ ಕರೆ ತಾನಾಗಿ ಕಟ್ ಆಗುತ್ತದೆ. ವಾಯ್ಸ್‌ಮೇಲಿನಲ್ಲಿ ಒಂದು ಮೆಸೇಜಿಗೆ ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ.

ನೀವು ಕೇಳಿಲ್ಲ, ಆದರೂ ಹೇಳಬೇಕು. ಹೊರಗೆ ಹೋಗುವ ಕರೆಯಲ್ಲೂ ಇದೇ ಕುರುಡುತನ ಇದೆ. ಕೆಂಪು ಪೋರ್ಟಿನಿಂದ ನಂಬರ್ ಒತ್ತಿ ಮುಗಿಸಿದ ಕೂಡಲೇ ಅಸ್ಟರಿಸ್ಕ್ ಕರೆ ಎತ್ತಿದರು ಎಂದು ಬರೆದುಕೊಳ್ಳುತ್ತದೆ, ಆ ಕಡೆ ಇನ್ನೂ ರಿಂಗ್ ಆಗುತ್ತಿದ್ದರೂ. ಹಾಗಾಗಿ ಕರೆಯ ಲೆಕ್ಕದಲ್ಲಿ ಸಮಯ ಜಾಸ್ತಿ ಕಾಣುತ್ತದೆ, ಯಾರೂ ಎತ್ತದ ಕರೆಯೂ ಎತ್ತಿದ ಹಾಗೆ ಕಾಣುತ್ತದೆ. ಆ ಕಡೆಯವರು ಎತ್ತಿದಾಗ ನಿಮ್ಮ ಲೈನಿನಲ್ಲಿ ಪ್ಲಸ್ ಮೈನಸ್ ತಿರುಗುತ್ತದಾ ಎಂದು ಮೀಟರಿನಲ್ಲಿ ನೋಡಿ. ಹಿಂದೆ ಎಸ್‌ಟಿಡಿ ಬೂತಿನ ಮೀಟರುಗಳು ಇಂಥ ಕುರುಹನ್ನೇ ಹಿಡಿದು ಓಡುತ್ತಿದ್ದವು. ತಿರುಗಿದರೆ ಆನ್ಸರ್‌ಆನ್‌ಪೋಲಾರಿಟಿಸ್ವಿಚ್ ಯೆಸ್ ಮಾಡಿ. ತಿರುಗದಿದ್ದರೆ ಮಾತ್ರ ಅದನ್ನು ಮುಟ್ಟಲೇಬೇಡಿ, ಕರೆ ಎತ್ತಿದ್ದೇ ಅಸ್ಟರಿಸ್ಕ್‌ಗೆ ಗೊತ್ತಾಗದೆ ಡಯಲ್ ಸಮಯ ಮುಗಿಯಿತು ಅಂತ ಮಾತಿನ ನಡುವೆ ಕತ್ತರಿಸುತ್ತದೆ.

ಇನ್ನು ಮರುಧ್ವನಿ. ಗೋಡೆಯ ತಂತಿ ಎರಡು ಎಳೆ, ಹೋಗುವ ಮಾತು ಬರುವ ಮಾತು ಎರಡೂ ಅದರಲ್ಲೇ. ಕಾರ್ಡಿನ ಒಳಗೆ ಇವೆರಡನ್ನೂ ಬೇರೆ ಮಾಡಬೇಕು. ತಂತಿಯ ಇಂಪೀಡೆನ್ಸ್, ಅಂದರೆ ಸದ್ದಿನ ಸಿಗ್ನಲಿಗೆ ಅದು ಒಡ್ಡುವ ತಡೆ, ಎಷ್ಟು ಎಂಬ ಕಾರ್ಡಿನ ಊಹೆ ತಪ್ಪಿದಷ್ಟೂ ನಿಮ್ಮ ಮಾತಿನ ಒಂದು ಪಾಲು ವಾಪಸ್ ತಿರುಗುತ್ತದೆ. ಮಾಮೂಲಿ ಫೋನಿನಲ್ಲೂ ಇದು ಆಗುತ್ತದೆ, ಆದರೆ ತಕ್ಷಣ ಬರುವುದರಿಂದ ನಮ್ಮ ದನಿಯಲ್ಲೇ ಸೇರಿಹೋಗುತ್ತದೆ. ನೆಟ್‌ವರ್ಕಿಗೆ ಜೋಡಿಸುವ ಐಪಿ ಫೋನಿನಲ್ಲಿ ಪ್ಯಾಕೆಟ್ಟಾಗಿ ಹೋಗಿ ಬರುವಷ್ಟರಲ್ಲಿ ತಡವಾಗುತ್ತದೆ, ಆಗ ಬಾವಿಯೊಳಗೆ ಕೂಗಿದ ಹಾಗೆ ಕೇಳುತ್ತದೆ.

ಎಲ್ಲರೂ ಮೊದಲು ಮರುಧ್ವನಿ ಅಳಿಸುವ ಎಕೋ ಕ್ಯಾನ್ಸಲರ್ ಬದಲಾಯಿಸಲು ಓಡುತ್ತಾರೆ. ಅದು ಕೊನೆಯದು. ಮೊದಲು ಕಾರ್ಡಿಗೆ ದೇಶ ಹೇಳಿ. ಮಾಡ್‌ಪ್ರೋಬ್ ಫೋಲ್ಡರಿನ ಡಾಡಿ ಫೈಲಿನಲ್ಲಿ ನಿಮ್ಮ ಡ್ರೈವರಿನ ಹೆಸರಿಗೆ ಆಪರ್‌ಮೋಡ್ ಇಂಡಿಯಾ ಎಂದು ಆಪ್ಶನ್ ಕೊಡಿ, ಇಂಡಿಯಾ ಎಂಬುದು ದೊಡ್ಡಕ್ಷರದಲ್ಲಿ. ಡ್ರೈವರ್ ಯಾವುದು ಅಂತ ಡಾಡಿ_ಹಾರ್ಡ್‌ವೇರ್ ಎಂಬ ಕಮಾಂಡ್ ಹೇಳುತ್ತದೆ. ಆಮೇಲೆ ಅಸ್ಟರಿಸ್ಕ್ ನಿಲ್ಲಿಸಿ ಎಫ್‌ಎಕ್ಸ್‌ಒಟ್ಯೂನ್ ಅನ್ನು ಐ ಆಪ್ಶನ್ನಿನ ಜೊತೆ ಒಂದು ಅಂಕಿ ಕೊಟ್ಟು ಓಡಿಸಿ. ಆ ಅಂಕಿ ಡಯಲ್ ಟೋನ್ ನಿಲ್ಲಿಸುವುದಕ್ಕೆ. ಅದು ಲೈನ್ ಎತ್ತಿ, ಅಂಕಿ ಒತ್ತಿ, ತಾನೇ ಸದ್ದು ಕಳಿಸಿ ಎಷ್ಟು ವಾಪಸ್ ಬಂತು ಎಂದು ಬೇರೆ ಬೇರೆ ಹೊಂದಾಣಿಕೆಯಲ್ಲಿ ಅಳೆಯುತ್ತದೆ. ಸಮಯ ಹಿಡಿಯುತ್ತದೆ, ಭಾನುವಾರ ಮಾಡಿ. ಫಲಿತಾಂಶ ಒಂದು ಫೈಲಿಗೆ ಹೋಗುತ್ತದೆ, ಪ್ರತಿ ಸಲ ಕಂಪ್ಯೂಟರ್ ಆನ್ ಆದಾಗ ಎಫ್‌ಎಕ್ಸ್‌ಒಟ್ಯೂನ್ ಎಸ್ ಆಪ್ಶನ್ನಿನೊಡನೆ ಓಡಿ ಅದನ್ನು ಕಾರ್ಡಿಗೆ ತುಂಬಬೇಕು. ಕರೆಂಟು ಹೋಗಿ ಬಂದ ಮೇಲೆ ಮರುಧ್ವನಿ ಮತ್ತೆ ಶುರುವಾದರೆ ಇದು ಓಡುತ್ತಿಲ್ಲ ಎಂದರ್ಥ. ಪರೀಕ್ಷೆಗೆ ಹಾಕಿದ್ದ ಪ್ಯಾರಲಲ್ ಫೋನ್ ಅಲ್ಲೇ ಬಿಟ್ಟಿದ್ದರೆ ಮೊದಲು ತೆಗೆಯಿರಿ, ಅದು ಇಡೀ ಅಳತೆಯನ್ನೇ ಕೆಡಿಸುತ್ತದೆ.

ಬರುವ, ಹೋಗುವ ದನಿಯ ಮಟ್ಟವಾದ ಆರ್‌ಎಕ್ಸ್‌ಗೇನ್, ಟಿಎಕ್ಸ್‌ಗೇನ್ ಸೊನ್ನೆಯಲ್ಲೇ ಇರಲಿ. ದನಿ ಸಣ್ಣ ಎಂದು 8, 10 ಏರಿಸಿದವರ ಮನೆಯಲ್ಲಿ ಮರುಧ್ವನಿ ಎಂದೂ ಹೋಗಿಲ್ಲ. ಬೇಕೇ ಬೇಕಾದರೆ ಎರಡು ಡೆಸಿಬೆಲ್. ಕ್ಯಾನ್ಸಲರ್ ವಿಷಯಕ್ಕೆ ಬಂದರೆ ಸಿಸ್ಟಮ್ ಫೈಲಿನಲ್ಲಿ ಎಂಜಿ2 ಇದ್ದರೆ ಸಾಕು. ಅದರಲ್ಲೂ ತೃಪ್ತಿ ಇಲ್ಲದಿದ್ದರೆ ಆಸ್ಟ್ರೇಲಿಯಾದ ಡೇವಿಡ್ ರೋ ಬರೆದ ಓಸ್ಲೆಕ್ ನೋಡಬಹುದು, ನನಗೆ ಅದೇ ಇಷ್ಟ, ಆದರೆ ಅದನ್ನು ಬೇರೆಯಾಗಿ ಸೇರಿಸಿ ಬಿಲ್ಡ್ ಮಾಡಬೇಕು.

ಮರುಧ್ವನಿ ಅಲ್ಲದೆ ಟಕ್ ಟಕ್ ಎಂಬ ಸದ್ದು, ಮಾತು ಕತ್ತರಿಸಿದ ಹಾಗೆ ಆಗುವುದು ಇದ್ದರೆ ಅದು ತಂತಿಯದಲ್ಲ, ಮದರ್‌ಬೋರ್ಡಿನದು. ಈ ಕಾರ್ಡುಗಳು ಸೆಕೆಂಡಿಗೆ 1000 ಸಲ ಪ್ರೊಸೆಸರನ್ನು ಕರೆಯುತ್ತವೆ. ಹಾಗೆ ಕರೆಯುವ ದಾರಿಯಾದ ಇಂಟರಪ್ಟನ್ನು ಡಿಸ್ಕೋ ಯುಎಸ್‌ಬಿಯೋ ಹಂಚಿಕೊಂಡಿದ್ದರೆ ತಪ್ಪುತ್ತದೆ. ಡಾಡಿ_ಟೆಸ್ಟ್ ಓಡಿಸಿ, ಅದು ತೋರಿಸುವ ಸಮಯದ ನಿಖರತೆ ಶೇಕಡಾ 99.98ರ ಹತ್ತಿರ ಇರಬೇಕು. ಇಲ್ಲದಿದ್ದರೆ ಕಾರ್ಡನ್ನು ಬೇರೆ ಸ್ಲಾಟಿಗೆ ಬದಲಾಯಿಸಿ, ಬಯಾಸ್‌ನಲ್ಲಿ ಬೇಡದ ಸೌಂಡ್ ಕಾರ್ಡ್, ಪ್ಯಾರಲಲ್ ಪೋರ್ಟ್ ಎಲ್ಲ ಆಫ್ ಮಾಡಿ.

ಈಗ ಗೋದಾಮಿನ ಫೋನ್. ಡಬ್ಬ ಬಿಚ್ಚಿ ಕಾರ್ಡಿನ ಮೇಲೆ ನೋಡಿ, ನಾಲ್ಕು ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಹಳೆ ಹಾರ್ಡ್ ಡಿಸ್ಕಿಗೆ ಹಾಕುತ್ತಿದ್ದ ಮೋಲೆಕ್ಸ್ ಪವರ್ ಕನೆಕ್ಟರ್. ಅದಕ್ಕೆ ಎಸ್‌ಎಂಪಿಎಸ್‌ನಿಂದ ವೈರ್ ಹಾಕಿದ್ದೀರಾ? ನೂರಕ್ಕೆ ತೊಂಬತ್ತು ಇಲ್ಲ. ಕೆಂಪು ಮಾಡ್ಯೂಲಿಗೆ ಲೈನಿನಿಂದಲೇ ವೋಲ್ಟೇಜು ಬರುತ್ತದೆ, ಹಸಿರಿಗೆ ಹಾಗಲ್ಲ, ಫೋನಿಗೆ ಬೇಕಾದ ಕರೆಂಟು, ರಿಂಗಿಗೆ ಬೇಕಾದ ವೋಲ್ಟೇಜು ಎರಡನ್ನೂ ಆ 12 ವೋಲ್ಟಿನಿಂದ ತಾನೇ ತಯಾರಿಸಬೇಕು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನ ಲಾಗಿನಲ್ಲಿ ಪ್ರೊಸ್ಲಿಕ್ (ಹಸಿರು ಮಾಡ್ಯೂಲಿನ ಚಿಪ್) ಪವರ್‌ಅಪ್ ಆಗಲಿಲ್ಲ ಎಂಬ ಸಾಲು ಕಂಡರೆ ಇದೇ ಕಾರಣ. ಎಸ್‌ಎಂಪಿಎಸ್‌ನಲ್ಲಿ ಮೋಲೆಕ್ಸ್ ಉಳಿದಿಲ್ಲದಿದ್ದರೆ ಸಾಟಾದಿಂದ ಮೋಲೆಕ್ಸಿಗೆ ಬದಲಾಯಿಸುವ ವೈರ್ ಅಂಗಡಿಯಲ್ಲಿ ಸಿಗುತ್ತದೆ. ಜೀವ ಬಂದ ಮೇಲೂ ಗಂಟೆ ಸೋತಂತೆ ಹೊಡೆದರೆ, ಅಂದರೆ ನಿಜವಾದ ಲೋಹದ ಗಂಟೆ ಇರುವ ಹಳೆ ಫೋನಾಗಿ ತಂತಿಯೂ ಉದ್ದವಾಗಿದ್ದರೆ, ಡ್ರೈವರಿಗೆ ಬೂಸ್ಟ್‌ರಿಂಗರ್ 1 ಕೊಡಿ, ರಿಂಗ್ ವೋಲ್ಟೇಜು 89ಕ್ಕೆ ಏರುತ್ತದೆ. ಒಂದು ಎಚ್ಚರಿಕೆ: ಗೋಡೆಯ ಲೈನನ್ನು ಮರೆತೂ ಹಸಿರು ಪೋರ್ಟಿಗೆ ಹಾಕಬೇಡಿ. ಎರಡು ಕಡೆಯಿಂದಲೂ ವೋಲ್ಟೇಜು ಬಂದು, ರಿಂಗ್ ಬಂದ ಹೊತ್ತಿಗೆ ಮಾಡ್ಯೂಲ್ ಸುಡಬಹುದು. ಪೋರ್ಟುಗಳ ಪಕ್ಕ ನೇಲ್ ಪಾಲಿಶಿನಲ್ಲಿ ಬಣ್ಣ ಹಚ್ಚಿಡಿ, ನಾನು ಹಾಗೇ ಮಾಡುವುದು.

ಸಿಸ್ಟಮ್ ಒಮ್ಮೆ ನಿಂತ ಮೇಲೆ ಕರ್ನಲ್ ಅಪ್‌ಡೇಟನ್ನು ತಡೆಹಿಡಿಯಿರಿ. ಡಾಡಿ ಕರ್ನಲ್ಲಿನ ಜೊತೆ ಬರುವುದಿಲ್ಲ, ಇರುವ ಕರ್ನಲ್ಲಿಗೆ ತಕ್ಕಂತೆ ಬಿಲ್ಡ್ ಮಾಡಿದ್ದು. ಹೊಸ ಕರ್ನಲ್ ಬಂದ ಬೆಳಿಗ್ಗೆ ಫೋನುಗಳೆಲ್ಲ ಸತ್ತಿರುತ್ತವೆ. ತೀರಾ ಹಳೆ ಕಾರ್ಡುಗಳ ಡ್ರೈವರುಗಳನ್ನು ಡಾಡಿಯ ಹೊಸ ಆವೃತ್ತಿಗಳಿಂದ ತೆಗೆದೂ ಹಾಕಿದ್ದಾರೆ, ಅಪ್‌ಗ್ರೇಡ್ ಮಾಡುವ ಮುನ್ನ ನಿಮ್ಮದು ಉಳಿದಿದೆಯಾ ನೋಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಡ್ರೈವರ್ ಏಳುವುದಿಲ್ಲ.

ಇನ್ನೊಂದು, ಐಪಿ ಫೋನುಗಳ 5060 ಎಂಬ ನೆಟ್‌ವರ್ಕ್ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಸುಲಭದ ಪಾಸ್‌ವರ್ಡ್ ಹುಡುಕಿ ನುಗ್ಗುವ ಪ್ರೋಗ್ರಾಮುಗಳು ದಿನವಿಡೀ ಬಾಗಿಲು ತಟ್ಟುತ್ತಿರುತ್ತವೆ, ನುಗ್ಗಿದರೆ ನಿಮ್ಮ ಕೆಂಪು ಪೋರ್ಟಿನಿಂದ ವಿದೇಶಕ್ಕೆ ಕರೆ ಮಾಡುತ್ತವೆ, ಬಿಲ್ ನಿಮಗೆ. ಲೈನಿನಲ್ಲಿ ಐಎಸ್‌ಡಿ ಬೇಡವಾಗಿದ್ದರೆ ತೆಗೆಸಿಬಿಡಿ. ಇಂಟರ್ನೆಟ್ಟಿನಲ್ಲಿ ಬಂದ ಬೇರೆಯವರ ಕರೆಗಳನ್ನು ನಿಮ್ಮ ಲೈನಿಗೆ ಇಳಿಸಿಕೊಡಿ, ದುಡ್ಡು ಕೊಡುತ್ತೇವೆ ಎಂದು ಯಾರಾದರೂ ಬಂದರೆ ಬಾಗಿಲು ತೋರಿಸಿ. ಪರವಾನಗಿ ಇಲ್ಲದೆ ಹಾಗೆ ಮಾಡುವುದು ಅಪರಾಧ.

ಹೊಸದಾಗಿ ಶುರುಮಾಡುವವರಿಗಾದರೆ ನಾನು ಕಾರ್ಡ್ ಹೇಳುತ್ತಲೇ ಇರಲಿಲ್ಲ. ಹೊಸ ಮದರ್‌ಬೋರ್ಡಿನಲ್ಲಿ ಹಳೆ ಪಿಸಿಐ ಸ್ಲಾಟ್ ಸಿಗುವುದೇ ಕಷ್ಟ. ನಾಲ್ಕು ಎಫ್‌ಎಕ್ಸ್‌ಒ ಪೋರ್ಟಿನ ಗೇಟ್‌ವೇ ಡಬ್ಬ ತಂದು ನೆಟ್‌ವರ್ಕ್ ವೈರ್ ಚುಚ್ಚಿದರೆ ಡ್ರೈವರ್ ಗೋಳಿಲ್ಲ. ಆದರೆ ನಂಬರ್, ಕಟ್, ಮರುಧ್ವನಿ ಮೂರೂ ಅಲ್ಲಿಯೂ ಇವೆ, ಫೈಲಿನ ಬದಲು ವೆಬ್ ಪುಟದಲ್ಲಿ ತುಂಬುವುದು, ಅಷ್ಟೇ ವ್ಯತ್ಯಾಸ. ತಾಮ್ರ ಹೋಗಿ ಫೈಬರ್ ಬಂದಾಗಲೂ ಅಷ್ಟೇ. ಫೈಬರ್ ಡಬ್ಬದ ಫೋನ್ ಪೋರ್ಟನ್ನು ಕೆಂಪು ಪೋರ್ಟಿಗೆ ಹಾಕಬಹುದು, ಆಗ ನಿಮ್ಮ ಎಕ್ಸ್‌ಚೇಂಜು ಆ ಡಬ್ಬವೇ. ಮೀಟರ್ ಹಿಡಿದು ಇಷ್ಟೂ ಪರೀಕ್ಷೆ ಮತ್ತೆ ಮಾಡಬೇಕು.

ಅಲ್ಲಿಯವರೆಗೆ ತಾಮ್ರ ಇದೆ, ನಿಮ್ಮ ಕಡೆ ಸಿಡಿಲೂ ಇದೆ. ಇಂಟರ್‌ಕಾಮ್ ಸುಟ್ಟದ್ದು ಕರೆಂಟಿನ ಕಡೆಯಿಂದಲೋ ಲೈನಿನ ಕಡೆಯಿಂದಲೋ ಗೊತ್ತಿಲ್ಲದಿದ್ದರೆ ಎರಡೂ ಕಡೆ ಕಾಯಿರಿ. ಲೈನ್ ಒಳಗೆ ಬರುವ ಜಾಗದಲ್ಲೇ ಪ್ರತಿ ಜೋಡಿಗೂ ಗ್ಯಾಸ್ ಟ್ಯೂಬ್ ಇರುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅದರ ಅರ್ಥ್ ವೈರನ್ನು ಸರಿಯಾದ ಅರ್ಥಿಂಗಿಗೆ ಆದಷ್ಟು ಗಿಡ್ಡ ದಾರಿಯಲ್ಲಿ ಕೊಂಡೊಯ್ಯಿರಿ. ಅರ್ಥ್ ಇಲ್ಲದ ಪ್ರೊಟೆಕ್ಟರ್ ಗೋಡೆಗೆ ಅಲಂಕಾರ. ಗೋದಾಮಿಗೆ ಹೋಗುವ ತಂತಿ ಹೊರಗೆ ಕಂಬದ ಮೇಲಿದ್ದರೆ ಅದಕ್ಕೂ ಒಂದು. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟಿದರೆ ಮಾತ್ರ ಯಾವ ಪ್ರೊಟೆಕ್ಟರನ್ನೂ ನಂಬಬೇಡಿ, ನಾಲ್ಕೂ ಪ್ಲಗ್ ಕೈಯಾರೆ ಕಿತ್ತಿಡಿ. ನೇಲ್ ಪಾಲಿಶ್ ಬಣ್ಣ ನೋಡಿ ಮರುದಿನ ವಾಪಸ್ ಹಾಕಿ.